ಬರಕ್ಕೆ ಮಾಗಳಿ ಬರೀ ಕಡ್ಡಿಯಾಗಿದೆ, ಪಕ್ಕದ ಬಂದರಿಕೆ ಹಸಿರಾಗಿದೆ. ಅಪರೂಪದ ಗಿಡಗಳೇ ಸೂಕ್ಷ್ಮವಾ?

ಗುಡ್ಡದಹೊಲ (14 ಏಪ್ರಿಲ್ 2024)

ಎಲ್ಲರಿಗೂ ನಮಸ್ಕಾರ. ನಮ್ಮದು ಮಧುಗಿರಿ ತಾಲ್ಲೂಕು. ಗುಡ್ಡದ ಬುಡದಲ್ಲಿ ಒಂದು ತುಂಡು ಬೀಳು ಜಮೀನಿದೆ. ಮಣ್ಣು ಕಮ್ಮಿ, ಕಲ್ಲು ಜಾಸ್ತಿ. ರಾಗಿಗೂ ಆಗಲ್ಲ ಅಂತ ಅಪ್ಪ ಹಾಗೇ ಬಿಟ್ಟಿದ್ದರು. ಎರಡು ವರ್ಷದ ಹಿಂದೆ ನಾನು ಅಲ್ಲಿ ಮಾಗಳಿ ಬೇರಿನ ಸಸಿ ನೆಟ್ಟೆ. ನರ್ಸರಿಯಿಂದ ತಂದ ಪಾಕೆಟ್ ಸಸಿಗಳು. ನಮ್ಮಜ್ಜಿ ಕಾಲದಲ್ಲಿ ಇದೇ ಗುಡ್ಡದಲ್ಲಿ ಬೇಕಾದಷ್ಟು ಮಾಗಳಿ ಇತ್ತಂತೆ. ಈಗ ಹುಡುಕಿದರೂ ಸಿಗಲ್ಲ.

ಕಳೆದ ಮುಂಗಾರು ಕೈಕೊಟ್ಟಿದ್ದು ನಿಮಗೆಲ್ಲ ಗೊತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಅಂತ ಸರ್ಕಾರವೇ ಘೋಷಿಸಿತು. ಈಗ ನಮ್ಮ ಬೀಳಿನಲ್ಲಿ ನೋಡಿದರೆ ಬಂದರಿಕೆ ಮಿಂಚುತ್ತಾ ನಿಂತಿದೆ. ತಂಗಡಿ ಹಳದಿ ಹೂ ಬಿಟ್ಟಿದೆ. ಲಂಟಾನ ಅರ್ಧ ಎಲೆ ಉದುರಿಸಿದೆ, ಆದರೂ ಜೀವ ಇದೆ. ಮಾಗಳಿ ಮಾತ್ರ ಒಂದೆಲೆಯೂ ಇಲ್ಲದೆ ಬರೀ ಕಡ್ಡಿ.

ನನ್ನ ಪ್ರಶ್ನೆ ಇಷ್ಟೇ. ಎಲೆಯೇ ಇಲ್ಲ ಅಂದಮೇಲೆ ದ್ಯುತಿಸಂಶ್ಲೇಷಣೆಯೂ ಇಲ್ಲ, ಅಲ್ವಾ? ಹಾಗಿದ್ದರೆ ಗಿಡ ಸತ್ತಂತೆಯೇ? ಬರ ತಡೆಯೋ ಶಕ್ತಿ ಇಲ್ಲದ್ದಕ್ಕೇ ಈ ಗಿಡ ಅಪರೂಪ ಆಯ್ತು ಅಂತ ನಮ್ಮೂರಿನ ಮೇಷ್ಟ್ರೊಬ್ಬರು ಹೇಳ್ತಾರೆ. ಅದು ನಿಜವಾ? ಟ್ಯಾಂಕರ್ ನೀರು ಕೊಂಡು ಹಾಕೋಣ ಅಂತಿದ್ದೇನೆ. ಹಾಕಲಾ ಬೇಡವಾ?

ಕುರಿಹಟ್ಟಿ (14 ಏಪ್ರಿಲ್ 2024)

ಬುಡದ ಹತ್ತಿರ ಉಗುರಿನಲ್ಲಿ ಸ್ವಲ್ಪ ಕೆರೆದು ನೋಡಣ್ಣ. ಒಳಗೆ ಹಸಿರಿದ್ದು ಹಾಲು ಜಿನುಗಿದರೆ ಜೀವ ಇದೆ. ತುದಿಯಲ್ಲಿ ಕೆರೆದು ತೀರ್ಮಾನ ಮಾಡಬೇಡ, ತುದಿ ಹೇಗಿದ್ದರೂ ಒಣಗಿರುತ್ತೆ.

ಬೇರುಬಿಳಲು (15 ಏಪ್ರಿಲ್ 2024)

ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಟ್ಯಾಂಕರ್ ತರಿಸಬೇಡಿ. ಕಿತ್ತು ನೋಡಲೂ ಬೇಡಿ. ಬೇಸಿಗೆಯಲ್ಲಿ ಎಲೆ ಉದುರಿಸುವುದು ಮಾಗಳಿಗೆ ರೂಢಿ, ಬರ ಬಂದಾಗ ಸ್ವಲ್ಪ ಬೇಗ ಉದುರಿಸುತ್ತದೆ.

ನಾನು ವಿಜ್ಞಾನಿ ಅಲ್ಲ. ಸಸ್ಯಗಳ ಶರೀರಕ್ರಿಯೆ ಅಳೆಯುವ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದವಳು. ಗಿಡಗಳಿಗೆ ಎಷ್ಟು ಬಾಯಾರಿಕೆ ಆಗಿದೆ ಅಂತ ಅಳೆಯುವುದೇ ನನ್ನ ನೌಕರಿಯಾಗಿತ್ತು. ಅದಕ್ಕೇ ಈ ಪ್ರಶ್ನೆ ಕಂಡ ಕೂಡಲೇ ಬರೆಯಲು ಕೂತೆ. ಉದ್ದವಾದರೆ ಬೈಕೋಬೇಡಿ.

ಎಲೆಯ ಅಡಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿವೆ. ಕಾರ್ಬನ್ ಡೈಆಕ್ಸೈಡ್ ಒಳಗೆ ಬರುವುದೂ ಅದೇ ದಾರಿ, ನೀರಾವಿ ಹೊರಗೆ ಹೋಗುವುದೂ ಅದೇ ದಾರಿ. ಒಂದು ಅಣು ಕಾರ್ಬನ್ ಡೈಆಕ್ಸೈಡ್ ಹಿಡಿಯುವಷ್ಟರಲ್ಲಿ ನೂರಾರು ಅಣು ನೀರು ಹೋಗಿರುತ್ತದೆ. ನೆಲ ಒಣಗುತ್ತಾ ಬಂದಂತೆ ಗಿಡದೊಳಗೆ ಆಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನು ಏರುತ್ತದೆ. ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರೇನೋ ಉಳಿಯಿತು, ಆದರೆ ಕಾರ್ಬನ್ ಬರುವುದೂ ನಿಂತಿತು. ಬರದಲ್ಲಿ ದ್ಯುತಿಸಂಶ್ಲೇಷಣೆ ಇಳಿಯುವುದಕ್ಕೆ ಮೊದಲ ಕಾರಣ ಇದು. ಯಂತ್ರ ಕೆಟ್ಟಿರುವುದಿಲ್ಲ, ಸಾಮಾನು ಬರುತ್ತಿರುವುದಿಲ್ಲ ಅಷ್ಟೇ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನೀರು ಕಮ್ಮಿಯಾದಾಗ ಮೊದಲು ನಿಲ್ಲುವುದು ಬೆಳವಣಿಗೆ, ದ್ಯುತಿಸಂಶ್ಲೇಷಣೆ ಅಲ್ಲ. ಜೀವಕೋಶ ಹಿಗ್ಗಬೇಕಾದರೆ ಒಳಗೆ ನೀರಿನ ಒತ್ತಡ ಬೇಕು. ಅದು ಚೂರು ಇಳಿದರೂ ಚಿಗುರು ನಿಲ್ಲುತ್ತದೆ, ಹೊಸ ಎಲೆ ಚಿಕ್ಕದಾಗುತ್ತದೆ. ಆದರೆ ಹಳೆ ಎಲೆಗಳು ಇನ್ನೂ ಸ್ವಲ್ಪ ಕಾಲ ಸಕ್ಕರೆ ತಯಾರಿಸುತ್ತಲೇ ಇರುತ್ತವೆ. ಚಿಗುರಿಗೆ ಖರ್ಚಾಗದ ಆ ಸಕ್ಕರೆ ಬೇರಿಗೆ ಇಳಿಯುತ್ತದೆ. ನಿಮ್ಮ ಮಾಗಳಿ ಕಳೆದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆಳೆಯದೆ ನಿಂತಿದ್ದನ್ನು ನೀವು ನೋಡಿರುತ್ತೀರಿ. ಆಗ ಅದು ಸುಮ್ನೆ ಕೂತಿತ್ತು ಅಂದುಕೊಳ್ಳಬೇಡಿ.

ರಂಧ್ರ ಮುಚ್ಚಿದಾಗ ಇನ್ನೊಂದು ತೊಂದರೆ ಶುರುವಾಗುತ್ತದೆ, ಬಿಸಿಲು. ಏಪ್ರಿಲ್ ಬಿಸಿಲನ್ನು ಎಲೆ ಹೀರುತ್ತಲೇ ಇರುತ್ತದೆ, ಆ ಶಕ್ತಿಯಿಂದ ಮಾಡಲು ಕೆಲಸ ಇರುವುದಿಲ್ಲ. ಅದನ್ನು ಶಾಖವಾಗಿ ಹೊರಗೆ ಹಾಕಲು ಎಲೆಯಲ್ಲಿ ಕೆಲವು ಹಳದಿ ವರ್ಣಕಗಳಿವೆ. ಅವುಗಳಿಗೂ ಮೀರಿದರೆ ಹಸಿರು ಯಂತ್ರಕ್ಕೇ ಪೆಟ್ಟು. ಇದನ್ನು ಅಳೆಯಲು ಎಲೆಗೆ ಒಂದು ಕ್ಲಿಪ್ ಹಾಕಿ ಅರ್ಧ ಗಂಟೆ ಕತ್ತಲಲ್ಲಿಡುತ್ತೇವೆ. ಆಮೇಲೆ ಒಮ್ಮೆ ಬೆಳಕು ಚಿಮ್ಮಿಸಿ, ಎಲೆ ಎಷ್ಟು ಬೆಳಕನ್ನು ವಾಪಸ್ ಉಗುಳುತ್ತದೆ ಅಂತ ನೋಡುತ್ತೇವೆ. ಅದರಿಂದ ಹಸಿರು ಯಂತ್ರ ಎಷ್ಟು ಚೆನ್ನಾಗಿದೆ ಅಂತ ಹೇಳುವ, 0ಯಿಂದ 1ರ ನಡುವಿನ ಒಂದು ಅಂಕಿ ಸಿಗುತ್ತದೆ. ಆರೋಗ್ಯವಂತ ಎಲೆ ಯಾವ ಜಾತಿಯದ್ದಾದರೂ 0.83ರ ಆಸುಪಾಸು ತೋರಿಸುತ್ತದೆ. ಮಧ್ಯಾಹ್ನ ಇಳಿದು ಬೆಳಗಿನ ಹೊತ್ತಿಗೆ ಮತ್ತೆ ಏರಿದರೆ ಚಿಂತೆ ಇಲ್ಲ. ಬೆಳಗಿನ ಜಾವವೂ 0.6ರಲ್ಲೇ ಇದ್ದರೆ ಎಲೆ ಹಾಳಾಗುತ್ತಿದೆ ಅಂತ ಅರ್ಥ. ಎಲೆಯನ್ನೇ ಉದುರಿಸಿದ ಗಿಡಕ್ಕೆ ಈ ಕಾಟವೂ ಇಲ್ಲ ನೋಡಿ.

ಈಗ ನನ್ನ ಮೆಚ್ಚಿನ ಯಂತ್ರದ ಬಗ್ಗೆ. ಪ್ರೆಶರ್ ಚೇಂಬರ್ ಅಂತ. ನಾವು ಪ್ರೆಶರ್ ಬಾಂಬ್ ಅಂತಲೇ ಕರೆಯುತ್ತಿದ್ದೆವು. ಸಣ್ಣ ರೆಂಬೆ ಕತ್ತರಿಸಿ ಉಕ್ಕಿನ ಡಬ್ಬಿಯೊಳಗೆ ತಲೆಕೆಳಗಾಗಿ ಇಡಬೇಕು. ಕತ್ತರಿಸಿದ ತುದಿ ಮಾತ್ರ ರಬ್ಬರ್ ಬಿರಡೆಯಿಂದ ಹೊರಗೆ ಇಣುಕುತ್ತಿರಬೇಕು. ನೈಟ್ರೋಜನ್ ಗ್ಯಾಸ್ ನಿಧಾನವಾಗಿ ಬಿಡುತ್ತಾ ಹೋಗಿ ಭೂತಗನ್ನಡಿಯಲ್ಲಿ ಆ ತುದಿ ನೋಡುತ್ತಿರಬೇಕು. ಒಂದು ಹಂತದಲ್ಲಿ ಕತ್ತರಿಸಿದ ಜಾಗ ಒದ್ದೆಯಾಗಿ ಹೊಳೆಯುತ್ತದೆ. ಆಗ ಮೀಟರ್ ಎಷ್ಟು ತೋರಿಸುತ್ತದೋ ಅಷ್ಟು ಬಲದಿಂದ ಗಿಡ ನೀರನ್ನು ಎಳೆದು ಹಿಡಿದಿತ್ತು ಅಂತ ಲೆಕ್ಕ. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಒತ್ತಡ. ಹೊಲದ ಬೆಳೆಗಳು 15 ಬಾರ್ ಸುಮಾರಿಗೆ ಸೋತು ಬಾಡುತ್ತವೆ. ನಿಮ್ಮ ಬೀಳಿನಂಥ ಕುರುಚಲು ಕಾಡಿನ ಗಟ್ಟಿ ಗಿಡಗಳು 30, 40 ಬಾರ್ ಎಳೆತದಲ್ಲೂ ಎಲೆ ಹಿಡಿದುಕೊಂಡು ನಿಂತಿರುತ್ತವೆ. ಎಳೆತ ಇನ್ನೂ ಹೆಚ್ಚಾದರೆ ಕಾಂಡದ ಕೊಳವೆಗಳೊಳಗೆ ಗಾಳಿ ಗುಳ್ಳೆ ನುಗ್ಗಿ ನೀರಿನ ಎಳೆ ಕಡಿದುಹೋಗುತ್ತದೆ. ಗಿಡ ಸಾಯುವುದು ಹೆಚ್ಚಾಗಿ ಹಾಗೆ.

ಎಕ್ಕ, ಮಾಗಳಿಯಂಥ ಹಾಲು ಬರುವ ಗಿಡಗಳು ಮಾತ್ರ ಈ ಯಂತ್ರದಲ್ಲಿ ನನ್ನ ತಾಳ್ಮೆ ಪರೀಕ್ಷೆ ಮಾಡುತ್ತಿದ್ದವು. ಕತ್ತರಿಸಿದ ಕೂಡಲೇ ಬಿಳಿ ಹಾಲು ಉಕ್ಕಿ ತುದಿಯನ್ನೆಲ್ಲ ಮುಚ್ಚುತ್ತದೆ. ನೀರು ಯಾವಾಗ ಬಂತು ಅಂತ ಕಾಣುವುದೇ ಇಲ್ಲ. ಬ್ಲಾಟಿಂಗ್ ಪೇಪರಿನಲ್ಲಿ ಒತ್ತಿ ಒತ್ತಿ ಒರೆಸಬೇಕು. ತೊಗಟೆಯ ಸುತ್ತ ಹಾಲು, ನಡುವಿನ ಕಟ್ಟಿಗೆಯಲ್ಲಿ ತಿಳಿ ನೀರು. ಆ ನಡುವಿನದನ್ನು ಮಾತ್ರ ನೋಡಬೇಕು. ಹೊಸ ಹುಡುಗರು ಹಾಲನ್ನೇ ನೀರು ಅಂದುಕೊಂಡು ರೀಡಿಂಗ್ ಬರೆದುಬಿಡುತ್ತಿದ್ದರು. ಪುಸ್ತಕದಲ್ಲಿ ಎಕ್ಕದ ಸಾಲು ನೋಡಿದರೆ ಅವತ್ತು ಡ್ಯೂಟಿ ಯಾರದ್ದು ಅಂತ ಹೇಳಬಹುದಿತ್ತು.

ಈ ಅಳತೆಯನ್ನು ಸೂರ್ಯ ಹುಟ್ಟುವ ಮುಂಚೆ ಮಾಡಬೇಕು. ರಾತ್ರಿಯೆಲ್ಲ ರಂಧ್ರ ಮುಚ್ಚಿರುತ್ತದೆ, ಬೆಳಗಿನ ಜಾವದ ಹೊತ್ತಿಗೆ ಗಿಡದೊಳಗಿನ ಎಳೆತ ಬೇರಿನ ಸುತ್ತಲಿನ ಮಣ್ಣಿಗೆ ಸರಿಸಮ ಆಗಿರುತ್ತದೆ. ಹಾಗಾಗಿ ಆ ರೀಡಿಂಗ್ ನೋಡಿದರೆ ಬೇರು ಎಂಥ ತೇವ ಕಂಡಿದೆ ಅಂತ ಗೊತ್ತಾಗುತ್ತದೆ, ಅಗೆಯಬೇಕಾಗಿಲ್ಲ. ಒಂದು ಮಾರು ದೂರದಲ್ಲಿರುವ ಎರಡು ಗಿಡಗಳ ರೀಡಿಂಗ್ ಅಜಗಜಾಂತರ ಇರಬಹುದು. ಒಂದರ ಬೇರು ಬಂಡೆ ಬಿರುಕಿನ ತೇವ ಹಿಡಿದಿರುತ್ತದೆ, ಇನ್ನೊಂದರದ್ದು ಮೇಲಿನ ಒಣ ಮಣ್ಣಿನಲ್ಲೇ ಇರುತ್ತದೆ. ಮೇಲಿನಿಂದ ನೋಡಿ ಬರ ಒಂದೇ ಅನ್ನುತ್ತೇವೆ, ಗಿಡಗಳಿಗೆ ಹಾಗಿಲ್ಲ.

ನಿಮ್ಮ ಬೀಳಿನ ಲೆಕ್ಕ ಹೀಗೆ. ಬಂದರಿಕೆ ಎಲೆ ಬಿಡದೆ ತಡೆದುಕೊಳ್ಳುವ ಜಾತಿ. ಎಲೆ ಮುಟ್ಟಿ ನೋಡಿ, ಬೆರಳಿಗೆ ಅಂಟು ಹತ್ತುತ್ತದೆ. ಆ ರಾಳದ ಲೇಪ ನೀರು ಸೋರುವುದನ್ನು ತಡೆಯುತ್ತದೆ, ಬಿಸಿಲನ್ನೂ ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಹಸಿರಾಗಿದೆ ಅಂದ ಮಾತ್ರಕ್ಕೆ ಅದು ಜೋರಾಗಿ ಕೆಲಸ ಮಾಡುತ್ತಿದೆ ಅಂತಲ್ಲ. ಬೆಳಿಗ್ಗೆ ಒಂದೆರಡು ಗಂಟೆ ರಂಧ್ರ ತೆಗೆದು ಆಮೇಲೆ ದಿನವಿಡೀ ಮುಚ್ಚಿರಬಹುದು. ತಂಗಡಿ ಆಳದ ತಾಯಿಬೇರಿನ ಮೇಲೆ ಬದುಕುತ್ತದೆ. ಈಗ ಹೂ ಬಿಟ್ಟಿದೆ ಅಂದರೆ ಕೆಳಗೆಲ್ಲೋ ತೇವ ಸಿಕ್ಕಿದೆ. ಲಂಟಾನ ಅರ್ಧ ಉದುರಿಸಿ ಕಾಯುತ್ತದೆ. ಮಾಗಳಿ ಪೂರ್ತಿ ಉದುರಿಸಿ ಗೆಣಸಿನಂಥ ಬೇರಿನಲ್ಲಿ ನೀರು, ಪಿಷ್ಟ ಇಟ್ಟುಕೊಂಡು ಮಲಗುತ್ತದೆ. ಇದು ಸೋಲಲ್ಲ, ಬೇರೆ ದಾರಿ.

ಇನ್ನು ಮೇಷ್ಟ್ರ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹೇಕಿಯಾ ಅಂತ ಒಂದು ಪೊದೆಗಿಡದ ಕುಲ ಇದೆ. ಅದರಲ್ಲಿ ಕೆಲವು ಜಾತಿ ತೀರಾ ಅಪರೂಪ, ಕಬ್ಬಿಣದ ಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಮಾತ್ರ ಇವೆ. ಕೆಲವು ಎಲ್ಲೆಲ್ಲೂ ಇವೆ. ಪೂಟ್ ಮತ್ತು ಲ್ಯಾಂಬರ್ಸ್ ಅನ್ನುವ ಇಬ್ಬರು ಎರಡೂ ಬಗೆಯ ಸಸಿಗಳನ್ನು ಬೆಳೆಸಿ ಹೋಲಿಸಿದರು. ಅಪರೂಪದ ಜಾತಿಯ ಸಸಿಗಳು ಬೇಗ ಬೇಗ ಬೇರನ್ನು ಕೆಳಗಿಳಿಸಿ, ಕಲ್ಲಿನ ತಳದುದ್ದಕ್ಕೂ ಬಿರುಕು ಹುಡುಕುತ್ತಾ ಹೋಗುತ್ತವೆ ಅಂತ ಕಂಡಿತು. ತೆಳು ಮಣ್ಣಿನ ಬೇಸಿಗೆಯಲ್ಲಿ ಅವೇ ಗೆಲ್ಲುವುದು. ಅಂದರೆ ಅಪರೂಪದವು ಬರಕ್ಕೆ ಹೆಚ್ಚು ತಯಾರಾಗಿದ್ದವು! ಆದರೆ ಬೇರಿಗೇ ಅಷ್ಟು ಸುರಿದಿದ್ದರಿಂದ, ಒಳ್ಳೆಯ ಆಳ ಮಣ್ಣಿನಲ್ಲಿ ಬೇರೆ ಗಿಡಗಳ ಜೊತೆ ಪೈಪೋಟಿಗೆ ನಿಲ್ಲುವುದು ಕಷ್ಟ. ಅದಕ್ಕೇ ಅವು ಒಂದು ಮೂಲೆಯಲ್ಲಿ ಉಳಿದಿವೆ.

ಎಲ್ಲ ಅಪರೂಪದ ಗಿಡವೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಅಪರೂಪ ಆಗಲು ನೂರು ಕಾರಣ. ದ್ಯುತಿಸಂಶ್ಲೇಷಣೆಯ ಅಂಕಿ ನೋಡಿ ಯಾವುದು ಅಪರೂಪ ಯಾವುದು ಸಾಮಾನ್ಯ ಅಂತ ಗುರುತಿಸಲು ಆಗುವುದಿಲ್ಲ ಅಂತಷ್ಟೇ ಹೇಳುತ್ತಿದ್ದೇನೆ.

ಕುರಿಹಟ್ಟಿ (15 ಏಪ್ರಿಲ್ 2024)

ಅಕ್ಕ, ಚೆನ್ನಾಗಿ ಬಿಡಿಸಿ ಹೇಳಿದ್ರಿ. ಆದ್ರೆ ನಮ್ಮ ಕಡೆ ಕಾರಣ ಇಷ್ಟು ದೊಡ್ಡದೇನಲ್ಲ. ನಮ್ಮದು ಕುರಿ, ಮೇಕೆ ಸಾಕುವ ಮನೆ, ಕೂಡ್ಲಿಗಿ ಕಡೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆ ಗಾದೆ ಕಟ್ಟಿದವನು ಬಂದರಿಕೆ ನೋಡಿರಲಿಲ್ಲ ಅಂತ ಕಾಣುತ್ತೆ. ಬಂದರಿಕೆ, ತಂಗಡಿ, ಲಂಟಾನ ಇವನ್ನು ಮೇಕೆ ಬಿಟ್ಟು ಮುಂದೆ ಹೋಗುತ್ತೆ, ತೀರಾ ಗತಿ ಇಲ್ಲದಿದ್ದರೆ ಮಾತ್ರ ಬಾಯಿ ಹಾಕೋದು. ಮೇಕೆ ಬಿಟ್ಟಿದ್ದು ಗುಡ್ಡದ ತುಂಬ ಆಗಿದೆ, ಅಷ್ಟೇ ಸಾಮಾನ್ಯ ಗಿಡದ ಗುಟ್ಟು.

ಮಾಗಳಿ ಕಮ್ಮಿ ಆಗಿದ್ದು ಹಾರೆಯಿಂದ. ಉಪ್ಪಿನಕಾಯಿಗೆ, ಶರಬತ್ತಿಗೆ ಅಂತ ಬೇರು ಅಗೆದು ಮೂಟೆಗಟ್ಟಲೆ ಸಾಗಿಸಿದರು. ಮೊದಲೆಲ್ಲ ಒಂದೆರಡು ಬೇರು ತೆಗೆದು ಮಣ್ಣು ಮುಚ್ಚಿ ಬರುತ್ತಿದ್ದರು. ಈಗ ಬುಡವನ್ನೂ ಬಿಡಲ್ಲ. ಬರ ಬಂದ ವರ್ಷ ಕೂಲಿ ಇರಲ್ಲ, ಆಗ ಅಗೆಯೋದು ಇನ್ನೂ ಜಾಸ್ತಿ.

ಬೇರುಬಿಳಲು (16 ಏಪ್ರಿಲ್ 2024)

ಕುರಿಹಟ್ಟಿಯವರೇ, ನಿಮ್ಮ ಮಾತಿಗೆ ನನ್ನ ವಿರೋಧ ಇಲ್ಲ, ಪೂರ್ತಿ ಸರಿ. ಅದರ ಜೊತೆಗೆ ನನ್ನ ಕಡೆಯದ್ದನ್ನೂ ಸೇರಿಸಿ ನೋಡಿ. ಎಲೆ ಇಲ್ಲದ ಮಾಗಳಿ ಮೊದಲ ಮಳೆಗೆ ಚಿಗುರುವಾಗ ಆ ಚಿಗುರಿನ ಪೂರ್ತಿ ಖರ್ಚು ಬೇರಿನ ಪಿಷ್ಟದ್ದೇ. ಎಲೆ ಬಲಿತು ತಾನೇ ಸಕ್ಕರೆ ಕಳಿಸಲು ಶುರು ಮಾಡುವವರೆಗೆ ಬೇರು ಕೊಡುತ್ತಲೇ ಇರಬೇಕು. ಆ ಎಳೆ ಚಿಗುರನ್ನು ಮೇಕೆ ತಿಂದರೆ ಅದೇ ಬೇರಿನಿಂದ ಎರಡನೇ ಸಲ ಖರ್ಚು. ಬರದ ವರ್ಷ ಎಲೆ ಬೇಗ ಉದುರಿ ಬೇರು ತುಂಬಿಯೇ ಇರುವುದಿಲ್ಲ. ಇನ್ನು ಬೇರನ್ನೇ ಅಗೆದರೆ ಬರ ದಾಟಲು ಗಿಡಕ್ಕೆ ಇದ್ದದ್ದೂ ಹೋಯಿತು. ಬಂದರಿಕೆಯ ಬೇರು ಯಾರಿಗೂ ಬೇಡ. ಅದಕ್ಕೆ ಬರ ಮಾತ್ರ ಕಾಟ, ಮಾಗಳಿಗೆ ಬರದ ಜೊತೆ ಹಾರೆಯೂ ಸೇರಿದೆ.

ಬರ ಅಪರೂಪದ ಗಿಡಕ್ಕೆ ನಿಜವಾಗಿ ಹೊಡೆಯುವುದು ಸಸಿ ವಯಸ್ಸಿನಲ್ಲಿ. ಬಲಿತ ಗಿಡಕ್ಕೆ ಬೇರಿದೆ. ಬೀಜದಿಂದ ಎದ್ದ ಸಸಿಗೆ ಬೆರಳುದ್ದ ಬೇರು, ನಾಲ್ಕು ಎಲೆ. ಮೇಲಿನ ಮಣ್ಣು ಒಣಗಿತು ಅಂದರೆ ರಂಧ್ರ ಮುಚ್ಚಬೇಕು, ಮುಚ್ಚಿದರೆ ಸಕ್ಕರೆ ಇಲ್ಲ, ಸಕ್ಕರೆ ಇಲ್ಲದೆ ಬೇರು ಇಳಿಯುವುದಿಲ್ಲ. ಬಂದರಿಕೆ ತನ್ನ ರೆಕ್ಕೆ ಕಾಯಿಗಳಿಂದ ಬೀಜಗಳನ್ನು ಲೆಕ್ಕವಿಲ್ಲದಷ್ಟು ಉದುರಿಸುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಸತ್ತರೂ ಗುಡ್ಡ ತುಂಬುತ್ತದೆ. ತಾಯಿಗಿಡವೇ ನಾಲ್ಕು ಉಳಿದ ಮಾಗಳಿಗೆ ಆ ಅನುಕೂಲ ಇಲ್ಲ.

ಬಯಾಲಜಿಹುಡುಗಿ (16 ಏಪ್ರಿಲ್ 2024)

ಮೇಡಂ, ನಾನು ಸೆಕೆಂಡ್ ಪಿಯುಸಿ ಮುಗಿಸಿದ್ದೇನೆ. ಹಗಲು ರಂಧ್ರ ತೆಗೆದರೆ ನೀರು ಹೋಗುತ್ತೆ ಅಂದರೆ ರಾತ್ರಿ ತೆಗೆಯಬಹುದಲ್ವಾ? ಕಳ್ಳಿ ಹಾಗೇ ಮಾಡುತ್ತೆ ಅಂತ ಓದಿದ್ದೆ. ಮಾಗಳಿ ಯಾಕೆ ಹಾಗೆ ಮಾಡಲ್ಲ?

ಬೇರುಬಿಳಲು (16 ಏಪ್ರಿಲ್ 2024)

ಜಾಣೆ. ಕಳ್ಳಿಗಳಲ್ಲಿ ಕೆಲವು ಹಾಗೆ ಮಾಡುತ್ತವೆ. ಬೇಲಿಗೆ ಹಾಕುವ ಕಡ್ಡಿ ಕಳ್ಳಿಯ ಹಸಿರು ಕಾಂಡ ರಾತ್ರಿ ರಂಧ್ರ ತೆರೆದು ಕಾರ್ಬನ್ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲು ರಂಧ್ರ ಮುಚ್ಚಿ ಅದೇ ಆಮ್ಲದಿಂದ ಕಾರ್ಬನ್ ಬಿಡಿಸಿಕೊಂಡು ಸಕ್ಕರೆ ಮಾಡುತ್ತದೆ. ಮಜಾ ಏನೆಂದರೆ ಅದೇ ಗಿಡದ ಪುಟ್ಟ ಎಲೆಗಳು ಮಾತ್ರ ಮಾಮೂಲಿ ಗಿಡದ ಹಾಗೆ ಹಗಲಲ್ಲೇ ಕೆಲಸ ಮಾಡುತ್ತವೆ.

ಇದಕ್ಕೆ ನಮ್ಮ ಲಾಲ್‌ಬಾಗಿನ ನಂಟಿದೆ. ಟಿಪ್ಪುವಿನ ನಂತರ ಆ ತೋಟವನ್ನು ಸ್ವಲ್ಪ ಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೈನೆ ಅನ್ನುವ ಸಸ್ಯಶಾಸ್ತ್ರಜ್ಞ ಕಾಡುಬಸಳೆಯ ಎಲೆ ಅಗಿದು ನೋಡಿದ್ದ. ಬೆಳಿಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ರುಚಿಯೇ ಇಲ್ಲ. ಅದನ್ನು ಬರೆದು ಕಳಿಸಿದ, 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಹುಳಿ ಯಾಕೆ ಅಂತ ಪೂರ್ತಿ ಬಿಡಿಸಲು ಮುಂದೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಳ್ಳಿಯನ್ನು ಮಾತ್ರ ಹೀಗೆ ಬಾಯಿಗೆ ಹಾಕಬೇಡ, ಆ ಹಾಲು ಸುಡುತ್ತದೆ, ಕಣ್ಣಿಗೂ ಅಪಾಯ.

ಮಾಗಳಿ ಯಾಕೆ ಮಾಡಲ್ಲ ಅಂದರೆ, ರಾತ್ರಿ ಆಮ್ಲ ಕೂಡಿಡಲು ದಪ್ಪ, ರಸಭರಿತ ಎಲೆ ಅಥವಾ ಕಾಂಡ ಬೇಕು. ಮಾಗಳಿಯದ್ದು ತೆಳು ಎಲೆ. ಮಳೆಗಾಲದಲ್ಲಿ ಬೇಗ ಬೇಗ ದುಡಿಯಲು ಅದು ಚೆನ್ನ. ರಾತ್ರಿ ಕೆಲಸದ ಗಿಡಗಳು ಬದುಕುತ್ತವೆ, ಆದರೆ ಹೆಚ್ಚಿನವು ನಿಧಾನ ಬೆಳೆಯುತ್ತವೆ.

ಮನೆಯಲ್ಲೇ ನೋಡಬೇಕೆಂದರೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರ್ ತಗೋ. ಬೆಳಿಗ್ಗೆ 8ಕ್ಕೆ ತಂಗಡಿಯ ಒಂದು ರೆಂಬೆಗೆ ಕಟ್ಟಿ ಸ್ವಲ್ಪ ಹೊತ್ತು ಬಿಟ್ಟು ಹನಿ ನೋಡು. ಮಧ್ಯಾಹ್ನ ಬೇರೆ ರೆಂಬೆಗೆ ಅಷ್ಟೇ ಹೊತ್ತು ಕಟ್ಟು. ಬಂದರಿಕೆಗೂ ಹಾಗೇ ಮಾಡು. ಬಿಸಿಲಲ್ಲಿ ಕವರ್ ಒಳಗೆ ಕಾದು ಎಲೆ ಬೇಯುತ್ತದೆ, ಅದಕ್ಕೆ ಜಾಸ್ತಿ ಹೊತ್ತು ಬಿಡಬಾರದು.

ಗುಡ್ಡದಹೊಲ (29 ಮೇ 2024)

ಎಲ್ಲರಿಗೂ ಥ್ಯಾಂಕ್ಸ್. ಟ್ಯಾಂಕರ್ ತರಿಸಲಿಲ್ಲ. ಮೇ ತಿಂಗಳಲ್ಲಿ ಒಳ್ಳೆ ಮಳೆ ಬಿತ್ತು. ಮಾಗಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಚಿಗುರಿವೆ. ಬಂಡೆಯ ಪೂರ್ವದ ಮಗ್ಗುಲಲ್ಲಿ ನೆಟ್ಟವು ಎಲ್ಲವೂ ಎದ್ದಿವೆ. ಬಯಲಲ್ಲಿ ನೆಟ್ಟವು ಹೆಚ್ಚು ಹೋಗಿವೆ.

ಕೆರೆದಾಗ ಕಂದು ಬಣ್ಣ ಕಂಡ ಒಂದನ್ನು ಅಗೆದು ನೋಡಿದೆ. ಬೇರು ಪಾಕೆಟ್ಟಿನ ಆಕಾರದಲ್ಲೇ ಗುಂಡಗೆ ಸುತ್ತಿಕೊಂಡಿತ್ತು. ಎರಡು ವರ್ಷವಾದರೂ ಕೆಳಗೆ ಒಂದು ಗೇಣೂ ಇಳಿದಿಲ್ಲ. ಚಿಗುರಿದ ಗಿಡಗಳಿಗೆ ಈಗ ಏನು ಮಾಡಲಿ? ಖಾಲಿ ಜಾಗಕ್ಕೆ ಮತ್ತೆ ಸಸಿ ತರಲಾ?

ಬೇರುಬಿಳಲು (30 ಮೇ 2024)

ಸುತ್ತಿಕೊಂಡ ಬೇರು ಅಂದರೆ ಆ ಗಿಡಕ್ಕೆ ಸಿಕ್ಕಿದ್ದು ಮೇಲಿನ ಒಂದು ಬೊಗಸೆ ಮಣ್ಣಿನ ನೀರು ಮಾತ್ರ. ಬರ ಇಲ್ಲದ ವರ್ಷವೂ ಏಪ್ರಿಲಿನಲ್ಲಿ ಅದಕ್ಕೆ ಬರವೇ. ಇನ್ನೊಮ್ಮೆ ತರುವುದಾದರೆ ಉದ್ದ ಪಾಕೆಟ್ಟಿನ, ವಯಸ್ಸು ಕಮ್ಮಿ ಇರುವ ಸಸಿ ಕೇಳಿ. ದೊಡ್ಡದಾಗಿ ಪೊದೆಯಾಗಿರುವುದನ್ನು ನೋಡಿ ಆಸೆ ಪಡಬೇಡಿ, ಮೇಲೆ ಎಲೆ ಜಾಸ್ತಿ ಇದ್ದಷ್ಟೂ ನೀರಿನ ಖರ್ಚು. ನೆಡುವಾಗ ಸುತ್ತಿದ ಬೇರಿದ್ದರೆ ಬಿಡಿಸಿ ನೇರ ಮಾಡಿ, ಬಿಡಿಸಲಾಗದ್ದನ್ನು ಕತ್ತರಿಸಿ. ಬಂಡೆಯ ಪೂರ್ವದ ಮಗ್ಗುಲಿನಲ್ಲೇ ಹಾಕಿ, ಮಧ್ಯಾಹ್ನದ ನಂತರ ನೆರಳು ಸಿಗುತ್ತದೆ. ಬುಡದ ಸುತ್ತ ಚಪ್ಪಟೆ ಕಲ್ಲು ಹೊದಿಸಿ. ಬಂದರಿಕೆ, ತಂಗಡಿ ಕೀಳಬೇಡಿ, ಬಯಲಲ್ಲಿ ನೆಡುವ ಸಸಿಗೆ ಅವುಗಳ ನೆರಳು ಬೇಕು. ಲಂಟಾನ ಮಾತ್ರ ಬುಡಸಮೇತ ತೆಗೆಯಿರಿ.

ಮೊದಲ ವರ್ಷ ನೀರು ಕೊಡುವುದಾದರೆ ಮಳೆ ನಿಂತ ಮೇಲೆ 15 ದಿನಕ್ಕೊಮ್ಮೆ ಒಂದು ಕೊಡ ನಿಧಾನವಾಗಿ ಇಂಗಿಸಿ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೇ ಉಳಿಯುತ್ತದೆ.

ಕುರಿಹಟ್ಟಿ (30 ಮೇ 2024)

ಚಿಗುರು ಬಂದಿದೆ ಅಂದ್ರಲ್ಲ, ಮೊದಲು ಮುಳ್ಳು ಬೇಲಿ ಹಾಕಣ್ಣ. ಮಿಕ್ಕಿದ್ದೆಲ್ಲ ಆಮೇಲೆ. ನಮ್ಮ ಗುಡ್ಡದಲ್ಲಿ ಎರಡು ಹಳೇ ಮಾಗಳಿ ಬುಡ ಇವೆ, ಯಾರ ಕಣ್ಣಿಗೂ ಬಿದ್ದಿಲ್ಲ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಒಡೆಯೋ ಮುಂಚೆ ಬಟ್ಟೆ ಕಟ್ಟಿ ಬೀಜ ಹಿಡಿದಿಡುತ್ತೇನೆ, ಇಲ್ಲಾಂದ್ರೆ ಹತ್ತಿ ಸಮೇತ ಗಾಳಿಗೆ ಹಾರಿಹೋಗುತ್ತೆ. ನೇರವಾಗಿ ಬಂಡೆ ಸಂದಿಗೆ ಬಿತ್ತಿ ನೋಡು. ಮೆಸೇಜ್ ಹಾಕು, ಬಸ್ಸಿನಲ್ಲಿ ಕಳಿಸುತ್ತೇನೆ.